ಏಳುಕಾಲಮ್ಮ

ನಮ್ಮ ಮನೆಯ ಮಹಡಿಯಿಂದ ಕೆಳಗಿನ ಅಂಗಡಿಗೆ ಹದಿನಾಲ್ಕು ಮೆಟ್ಟಿಲು. ಅತ್ತೆ ತೀರಿಕೊಂಡ ಮೇಲೆ ಎಂಟು ತಿಂಗಳು ಮಾವ ಆ ಮೆಟ್ಟಿಲು ಇಳಿಯಲಿಲ್ಲ. ಕಾಲುನೋವು ಎಂದಿದ್ದರೆ ಒಪ್ಪಿಕೊಳ್ಳಬಹುದಿತ್ತು. ಡಾಕ್ಟರನ್ನು ಮೇಲಕ್ಕೇ ಕರೆತಂದು ತೋರಿಸಿದೆವು. ಅವರು ಮೊಣಕಾಲು ತಟ್ಟಿ, ಮಡಿಸಿ, ಬಿಡಿಸಿ, ಈ ಕಾಲು ಇನ್ನೂ ಇಪ್ಪತ್ತು ವರ್ಷ ಓಡುತ್ತದೆ ಎಂದು ಹೇಳಿ ಹೋದರು. ಓಡುವ ಕಾಲನ್ನು ಕುರ್ಚಿಯ ಮೇಲೆ ಮಡಚಿಟ್ಟುಕೊಂಡು ಮಾವ ಕಿಟಕಿಯ ಕಡೆ ನೋಡುತ್ತಾ ಕೂತರು. ಕಿಟಕಿಯ ಆಚೆ ಎದುರು ಮನೆಯ ಗೋಡೆ ಬಿಟ್ಟರೆ ಬೇರೇನೂ ಇಲ್ಲ.

ನಾನು ಮೃದು ಮಾತಿನ ಸೊಸೆಯಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಮೊದಲ ತಿಂಗಳು ಸುಮ್ಮನಿದ್ದೆ, ದುಃಖಕ್ಕೆ ಅಷ್ಟಾದರೂ ಜಾಗ ಬಿಡಬೇಕಲ್ಲ. ಎರಡನೆಯ ತಿಂಗಳು ಕೇಳಿಕೊಂಡೆ. ಮೂರನೆಯ ತಿಂಗಳಿಂದ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡಲು ಶುರುಮಾಡಿದೆ. ಯಾವುದೂ ನಾಟಲಿಲ್ಲ. ತಟ್ಟೆಗೆ ಹಾಕಿದ್ದರಲ್ಲಿ ಅರ್ಧ ವಾಪಸ್ಸು ಬರುತ್ತಿತ್ತು. ಮನುಷ್ಯ ದಿನದಿನಕ್ಕೂ ಅಂಗಿಯೊಳಗೆ ಸಣ್ಣಗಾಗುತ್ತಿದ್ದರು. ಇವರನ್ನು ಹೇಗಾದರೂ ಮಾಡಿ ಕೆಳಗಿಳಿಸಿ ಬೆಂಚಿನ ಮುಂದೆ ಕೂರಿಸಬೇಕು, ಇಲ್ಲದಿದ್ದರೆ ಅತ್ತೆಯ ಹಿಂದೆಯೇ ಹೊರಟುಬಿಡುತ್ತಾರೆ ಎಂದು ನನಗೆ ಹೆದರಿಕೆ.

ಅಂಗಡಿ ಮಾವ ಕಟ್ಟಿದ್ದು. ದುರ್ಬೀನು, ಶಾಲೆಗಳ ಸೂಕ್ಷ್ಮದರ್ಶಕ, ನೆಲದ ಏರುತಗ್ಗು ಅಳೆಯುವ ಮೂರು ಕಾಲಿನ ಯಂತ್ರ, ಹೀಗೆ ಗಾಜಿನ ಮೂಲಕ ನೋಡುವಂಥದ್ದು ಏನೇ ಕೆಟ್ಟರೂ ಅಲ್ಲಿಗೆ ಬರುತ್ತದೆ. ನಮ್ಮವರಿಗೆ ಈ ಕೆಲಸ ಹಿಡಿಸಲಿಲ್ಲ. ಅವರು ಬಸ್ಸು ಓಡಿಸುತ್ತಾರೆ, ಮುಂದಿನ ಗಾಜೊಂದು ಒರೆಸಿಕೊಂಡರೆ ಅವರ ಪಾಲಿನ ಗಾಜಿನ ಕೆಲಸ ಮುಗಿಯಿತು. ಹಾಗಾಗಿ ಸೊಸೆಯಾಗಿ ಬಂದ ಎರಡನೆಯ ವರ್ಷವೇ ನಾನು ಬೆಂಚಿಗೆ ಕೂತೆ. ಈಗ ಹದಿನೆಂಟು ವರ್ಷ. ಗುರುವಾಗಿ ಮಾವನ ಬಾಯಲ್ಲಿ ಇದ್ದದ್ದು ಎರಡೇ ಮಾತು. ಒಂದು, "ಮುಚ್ಚು". ಬಿಚ್ಚಿದ ಕೊಳವೆಯನ್ನು ಅರೆಕ್ಷಣವೂ ತೆರೆದಿಡಬಾರದು, ಕೈಗೆ ಸಿಕ್ಕಿದ ಗಾಜಿನ ಮುಚ್ಚಳವನ್ನು ಅದರ ಮೇಲೆ ಬೋರಲು ಹಾಕಬೇಕು, ಒಂದು ಕಣ ಧೂಳು ಒಳಗೆ ಹೋದರೆ ನೋಡುವವನ ಕಣ್ಣಿಗೆ ಅದು ಕಲ್ಲುಬಂಡೆ. ಆ ಮುಚ್ಚಳಗಳು ಬೆಂಚಿನ ತುಂಬ ಇದ್ದವು, ಸಣ್ಣ ಲೋಟದಷ್ಟು ಚಿಕ್ಕದರಿಂದ ಹಿಡಿದು ಹಳೆಯ ಗಡಿಯಾರವೊಂದನ್ನು ಮುಚ್ಚುತ್ತಿದ್ದ ಎತ್ತರದ್ದರ ತನಕ. ಇನ್ನೊಂದು ಮಾತು, "ಇನ್ನೊಂದ್ಸಲ ನೋಡು". ನಾನು ಎಷ್ಟೇ ಚೆನ್ನಾಗಿ ಮಾಡಿದರೂ ಮಾವ ಕಣ್ಣಿಟ್ಟು ನೋಡಿ ಅದನ್ನೇ ಹೇಳುತ್ತಿದ್ದರು. ಹದಿನೆಂಟು ವರ್ಷದಲ್ಲಿ ಒಮ್ಮೆಯಾದರೂ ಸರಿಯಿದೆ ಎಂದಿದ್ದರೆ ನಾನು ಆ ದಿನಕ್ಕೆ ಗುರುತು ಹಾಕಿಡುತ್ತಿದ್ದೆ.

ಅಂಥ ಎಂಟನೆಯ ತಿಂಗಳಲ್ಲಿ ಟೋಪಿಯವರು ಬಂದರು. ನೀರಿನ ಕೊಳವೆ ಹಾಕುವ ಮೊದಲು ರಸ್ತೆಗಳ ಮಟ್ಟ ಅಳೆಯುವವರು ಅವರು. ಮನೆಯೊಳಗೂ ಟೋಪಿ ತೆಗೆಯುವುದಿಲ್ಲವಾದ್ದರಿಂದ ನಮಗೆ ಅವರ ಹೆಸರು ಬೇಕಾಗಿರಲಿಲ್ಲ. ಅವರ ಅಳತೆಯ ದುರ್ಬೀನು ನನಗಿಂತ ಹಿರಿಯದು. ಅದರೊಳಗೆ ಕಣ್ಣಿಟ್ಟರೆ ಒಂದು ಅಡ್ಡಗೆರೆ, ಒಂದು ನೆಟ್ಟಗೆರೆ ಕಾಣಬೇಕು, ಅವೆರಡೂ ಸೇರುವ ಜಾಗದಲ್ಲಿ ಅಳತೆ ಹಿಡಿಯಬೇಕು. ಈಗಿನ ಯಂತ್ರಗಳಲ್ಲಿ ಆ ಗೆರೆಗಳನ್ನು ಗಾಜಿನ ಮೇಲೆ ಕೊರೆದಿರುತ್ತಾರೆ. ಈ ಹಳೆಯದರಲ್ಲಿ ಬೆರಳುಂಗುರದಷ್ಟು ಚಿಕ್ಕ ಹಿತ್ತಾಳೆಯ ಬಳೆಗೆ ಜೇಡರ ಎಳೆಯನ್ನೇ ಬಿಗಿದು ಅಂಟಿಸಿರುತ್ತಾರೆ. ಜೇಡರ ಹುಳುವಿನ ಎಳೆ ಕೂದಲಿಗಿಂತ ಸಣ್ಣ, ಬಿಸಿಲಿಗೂ ಚಳಿಗೂ ಜಗ್ಗದು. ಟೋಪಿಯವರ ಯಂತ್ರದ ಎರಡೂ ಎಳೆ ಕಡಿದುಹೋಗಿದ್ದವು. ಹೊಸ ಯಂತ್ರ ಕೊಡುತ್ತೇವೆಂದು ಅವರ ಆಫೀಸಿನವರು ಹೇಳಿದ್ದರಂತೆ, ಇವರು ಕಿವಿಗೆ ಹಾಕಿಕೊಂಡಿರಲಿಲ್ಲ.

ನಾನು ಬಳೆಯನ್ನು ಹಿಡಿದುಕೊಂಡು ಮೇಲೆ ಹೋದೆ. ಮಾವ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ವಾಪಸ್ಸು ಕೊಡು ಎಂದರು. ನೀವು ಹೇಳಿಕೊಡಿ, ನಾನು ಎಳೆ ಕೂರಿಸುತ್ತೇನೆ ಎಂದೆ.

"ಕೂರ್ಸೋದು ಆಮೇಲಿನ ಮಾತು," ಅಂದರು. "ಹಿಡ್ಕೊಳ್ಳೋರು ಯಾರು?"

ಎಳೆ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಜೇಡವನ್ನು ಕಡ್ಡಿಯ ತುದಿಯಲ್ಲಿ ಕೂರಿಸಿ ಮೆಲ್ಲಗೆ ತಟ್ಟಬೇಕು. ಅದು ಹೆದರಿ ಎಳೆ ಬಿಡುತ್ತಾ ಕೆಳಗಿಳಿಯುತ್ತದೆ. ಇನ್ನೊಬ್ಬರು ಕವೆಯಂತೆ ಬಗ್ಗಿಸಿದ ತಂತಿಗೆ ಆ ಎಳೆಯನ್ನು ಸುತ್ತಿಕೊಳ್ಳಬೇಕು. ನಲವತ್ತು ವರ್ಷ ಕಡ್ಡಿ ಹಿಡಿದದ್ದು ಅತ್ತೆ, ಸುತ್ತಿದ್ದು ಮಾವ. ಮಾವನಿಗೆ ಜೇಡ ಕಂಡರೆ ಮೈ ಜುಮ್ಮೆನ್ನುತ್ತದೆ, ಹುಳುವನ್ನು ಒಂದು ದಿನವೂ ಮುಟ್ಟಿದವರಲ್ಲ. ಬೆಂಚಿನ ಎಡಕ್ಕೆ ಅತ್ತೆಯ ಸ್ಟೂಲು ಇನ್ನೂ ಹಾಗೇ ಇತ್ತು. ಧೂಳು ಒರೆಸುತ್ತಿದ್ದೆ, ಕೂರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಬಚ್ಚಲಿನ ಮೂಲೆಯಲ್ಲಿ ಒಂದು ಜೇಡ ಕಂಡಿತು. ಕಂದು ಬಣ್ಣ, ಹುಣಸೆಬೀಜದಷ್ಟು ಗುಂಡು ಹೊಟ್ಟೆ, ಬಲೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಬೇರೆ ದಿನವಾಗಿದ್ದರೆ ಪೊರಕೆಗೆ ಸಿಕ್ಕಿರುತ್ತಿತ್ತು. ನನಗೂ ಹುಳುಹುಪ್ಪಟೆ ಎಂದರೆ ಅಷ್ಟಕ್ಕಷ್ಟೆ. ಆದರೂ ಹಲ್ಲು ಕಚ್ಚಿ ಲೋಟ ಬೋರಲು ಹಾಕಿದೆ, ಕೆಳಗೊಂದು ದಪ್ಪ ಕಾಗದ ತೂರಿಸಿದೆ. ಅದು ದೊಪ್ಪನೆ ಬಿದ್ದು ಕಾಲು ಮಡಚಿಕೊಂಡು ಸತ್ತಂತೆ ನಟಿಸಿತು. ನಾಟಕ ನನಗೆ ಬೇಡ, ಎರಡು ಎಳೆ ಕೊಟ್ಟು ಹೋಗು ಎಂದು ಅದಕ್ಕೆ ಹೇಳಿದೆ. ಬಾಟಲಿಗೆ ಹಾಕುವಾಗ ನೋಡಿದರೆ ಏಳೇ ಕಾಲು. ಎಡಗಡೆ ಹಿಂದಿನದು ಬುಡದಿಂದಲೇ ಇಲ್ಲ.

ಊಟಕ್ಕೆ ಬಡಿಸುವಾಗ ಮಾವನಿಗೆ ವಿಷಯ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತದೆ ಎಲ್ಲಿಟ್ಟಿದ್ದೀಯ ಎಂದು ಕೇಳಿದರು. ಅಂಗಡಿಯ ರಸ್ತೆ ಕಡೆಯ ಕಿಟಕಿಯಲ್ಲಿ ಎಂದೆ.

"ಮೂರು ಗಂಟೆಗೆ ಅಲ್ಲಿ ಬಿಸಿಲು ಬರುತ್ತೆ. ಬಾಟ್ಲಿ ಒಳಗೆ ಬೆಂದು ಹೋಗುತ್ತೆ ಅದು."

ಪಾತ್ರೆ ತೊಳೆದು ಆಮೇಲೆ ಎತ್ತಿಡುತ್ತೇನೆ ಎಂದೆ. ಬೇಕೆಂದೇ ಹಾಗೆ ಹೇಳಿದೆ ಎಂದು ಈಗ ಜಂಬ ಕೊಚ್ಚಿಕೊಳ್ಳಬಹುದು. ನಿಜವಾಗಿ ನನಗೆ ಬಿಸಿಲಿನ ನೆನಪೇ ಇರಲಿಲ್ಲ, ಪಾತ್ರೆಯದ್ದೇ ತಲೆಬಿಸಿ. ನಲ್ಲಿ ತಿರುಗಿಸಿ ಎರಡು ತಟ್ಟೆ ತೊಳೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ನಲ್ಲಿ ನಿಲ್ಲಿಸಿ ಎಣಿಸಿದೆ. ಹದಿನಾಲ್ಕೂ ಇಳಿದರು. ನನಗೆ ಅಳು ಬಂತು, ಸಾಬೂನಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಇನ್ನಷ್ಟು ಅತ್ತೆ.

ಅವತ್ತಿನಿಂದ ಮಾವ ದಿನಾ ಕೆಳಗೆ ಬಂದರು. ಬಾಟಲಿ ಜೇಡಕ್ಕೆ ಇಕ್ಕಟ್ಟು ಎಂದು ಗಡಿಯಾರದ ಎತ್ತರದ ಗಾಜಿನ ಮುಚ್ಚಳ ತೆಗೆದರು. ಒಂದು ಹಲಗೆಗೆ ಅತಿ ಸಣ್ಣ ಬೈರಿಗೆಯಿಂದ ಗಾಳಿಗೆಂದು ಇಪ್ಪತ್ತು ತೂತು ಕೊರೆದರು, ಕೈ ನಡುಗುತ್ತಿದ್ದರೂ ಸಾಲು ತಪ್ಪಲಿಲ್ಲ. ನಡುವೆ ಒಂದು ಒಣ ರೆಂಬೆ ನಿಲ್ಲಿಸಿ, ನನ್ನ ಕೈಯಿಂದ ಜೇಡವನ್ನು ಅದರ ಮೇಲೆ ಬಿಡಿಸಿ, ಗಾಜನ್ನು ಮುಚ್ಚಿಟ್ಟರು. ಎರಡೇ ದಿನದಲ್ಲಿ ರೆಂಬೆಯಿಂದ ಗಾಜಿನ ತನಕ ಬಲೆ. ಏಳುಕಾಲಮ್ಮ ಎಂದು ಹೆಸರಿಟ್ಟದ್ದು ನಾನು. ತಮಾಷೆಗೆ ಇಟ್ಟದ್ದು ಅಂಟಿಕೊಂಡಿತು. ಮಾವನ ಬಾಯಲ್ಲಿ "ಅದು" ಹೋಗಿ "ಅವಳು" ಆಯಿತು.

ಊಟದ ಏರ್ಪಾಡೂ ಮಾವನದೇ. ಹಲಗೆಯ ಅಡಿಯಿಂದ ಒಂದು ದೊಡ್ಡ ತೂತು ಮಾಡಿ ಬಿರಡೆ ಹಾಕಿದರು. ಬಾಟಲಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ಇಟ್ಟು, ಸಣ್ಣ ನೊಣ ಮುತ್ತಿದ ಮೇಲೆ ಬಾಟಲಿಯ ಬಾಯನ್ನು ಆ ತೂತಿಗೆ ಹಿಡಿಯುವುದು. ಸಿಪ್ಪೆ ಬೇಕೆಂದರೆ ಹಣ್ಣು ತಿನ್ನಬೇಕು. ಎಂಟು ತಿಂಗಳಿಂದ ಹಣ್ಣನ್ನು ಕಣ್ಣೆತ್ತಿಯೂ ನೋಡದವರು ದಿನಕ್ಕೊಂದು, ಆಮೇಲೆ ಎರಡು ತಿನ್ನತೊಡಗಿದರು. ಸಂಜೆ ನಮ್ಮವರು ಬಸ್ಸು ನಿಲ್ಲಿಸಿ ಬಂದು, ಹಣ್ಣಿನ ಬುಟ್ಟಿ ಖಾಲಿಯಾದದ್ದನ್ನು ನೋಡಿ ನನ್ನ ಮುಖ ನೋಡಿದರು. ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದೆ. ಮಾರನೆಯ ದಿನ ಎರಡು ಗೊನೆಯಷ್ಟು ಹೊತ್ತು ತಂದರು, ಜೇಡ ಅಲ್ಲ, ಕರಡಿ ಸಾಕಿದ್ದೇವೆ ಎನ್ನುವ ಹಾಗೆ.

ಎಳೆ ತೆಗೆದದ್ದು ಮುಂದಿನ ವಾರ. ಕಡ್ಡಿಯ ತುದಿಯಲ್ಲಿ ಏಳುಕಾಲಮ್ಮ, ಕಡ್ಡಿ ಹಿಡಿದವಳು ನಾನು. ಸ್ಟೂಲು ಪಕ್ಕದಲ್ಲೇ ಇತ್ತು. ಮಾವ ಅದರ ಕಡೆ ನೋಡಿದರು, ನಾನೂ ನೋಡಿದೆ. ನಿಂತೇ ಮಾಡಿದೆ. ಮೂರು ಸಲ ತಟ್ಟಿದ ಮೇಲೆ ಅವಳು ಇಳಿದಳು. ಮಾವ ತಂತಿಯ ಕವೆ ಹಿಡಿದು ಸುತ್ತುತ್ತಾ ಹೋದರು. ಸುತ್ತುತ್ತಾ ಸುತ್ತುತ್ತಾ ಅವರೇ ಮಾತು ತೆಗೆದರು.

"ನಿಮ್ಮತ್ತೆ ಕಡ್ಡಿ ಹಿಡ್ಕೊಂಡಾಗ ಇದರ ಹತ್ರ ಏನೋ ಪಿಸುಪಿಸು ಅಂತಿದ್ಲು. ನನಗೆ ಎಳೆ ಕಡಿಯುತ್ತೇನೋ ಅಂತ ಅದೇ ಚಿಂತೆ. ಏನು ಹೇಳ್ತೀಯ ಅಂತ ನಲವತ್ತು ವರ್ಷದಲ್ಲಿ ಒಂದಿನಾನೂ ಕೇಳ್ಲಿಲ್ಲ ನೋಡು."

ಕಡ್ಡಿ ಅಲ್ಲಾಡದಂತೆ ಹಿಡಿದುಕೊಂಡೆ. ಆ ಕ್ಷಣದಲ್ಲಿ ಅದೊಂದೇ ನನ್ನ ಕೈಲಾಗುತ್ತಿದ್ದದ್ದು.

ಬಳೆಗೆ ಎಳೆ ಕೂರಿಸಲು ಅವರ ಕೈ ಬರಲಿಲ್ಲ, ಅಷ್ಟು ನಡುಕ. ಹೇಳುತ್ತಾ ಹೋದರು, ನಾನು ಮಾಡಿದೆ. ಎಳೆಯ ಮೇಲೆ ಮೊದಲು ಬಿಸಿಯುಸಿರು ಬಿಡಬೇಕು, ಒದ್ದೆಯಾಗಿ ಕೊಂಚ ಜೋಲುತ್ತದೆ. ಆಗಲೇ ಎಳೆದು, ಬಳೆಯ ಗೀರಿನಲ್ಲಿ ಕೂರಿಸಿ, ಎರಡು ತುದಿಗೂ ಸೂಜಿಮೊನೆಯಷ್ಟು ಅರಗು ಮುಟ್ಟಿಸಬೇಕು. ಒಣಗಿದರೆ ತಾನಾಗಿ ಬಿಗಿಯಾಗುತ್ತದೆ. ಏಳು ಎಳೆ ಹಾಳು ಮಾಡಿದೆ. ಎಂಟನೆಯದು, ಒಂಬತ್ತನೆಯದು ಕೂತವು. ಮಾವ ಭೂತಗನ್ನಡಿ ಇಟ್ಟು ತುಂಬ ಹೊತ್ತು ನೋಡಿದರು.

"ಇನ್ನೊಂದ್ಸಲ ನೋಡು," ಅಂದರು.

ಹೊಟ್ಟೆ ಉರಿದುಹೋಯಿತು. ಆದರೆ ಅವರು ಬೆಂಚಿನ ಮುಂದೆ ಕೂತು ಅದನ್ನು ಹೇಳುತ್ತಿದ್ದರು ಎಂಬ ಸಮಾಧಾನದಲ್ಲಿ ನುಂಗಿಕೊಂಡೆ.

ಎಳೆ ಕೊಟ್ಟ ಜೇಡವನ್ನು ಅವತ್ತೇ ಬಿಟ್ಟುಬಿಡಬೇಕು, ಇದು ಅತ್ತೆ ಮಾಡಿದ ಕಟ್ಟಳೆ. ಕೆಲಸ ಮುಗಿದ ಕೂಡಲೇ ಹಿಂದಿನ ಗೋಡೆಯ ಸಂದಿಗೆ ಒಯ್ದು ಬಿಡುತ್ತಿದ್ದರು. ನಾನು ನೆನಪಿಸಿದೆ. ಇವತ್ತು ಮೋಡ ಇದೆ, ನಾಳೆ ಬಿಡೋಣ ಎಂದರು ಮಾವ. ನಾಳೆ ಗಾಳಿ ಇತ್ತು. ನಾಡಿದ್ದು ಅವಳು ಆಗಷ್ಟೇ ತಿಂದಿದ್ದಳು, ತುಂಬಿದ ಹೊಟ್ಟೆಯಲ್ಲಿ ಹೊರಗೆ ಹಾಕುವುದು ಸರಿಯಲ್ಲವಂತೆ. ನಾನು ಮತ್ತೆ ಕೇಳಲಿಲ್ಲ. ಬೆಳಿಗ್ಗೆ ಚಪ್ಪಲಿಯ ಸದ್ದು ಹದಿನಾಲ್ಕು ಸಲ ಕೇಳಿಸುವ ತನಕ ಆ ಜೇಡ ನಮ್ಮನೆಯಲ್ಲಿ ಮೂರು ಹೊತ್ತು ತಿಂದುಂಡು ಇರಲಿ, ನನ್ನದೇನು ಹೋಗಬೇಕು.

ಇನ್ನು ಯಂತ್ರ ವಾಪಸ್ಸು ಕೊಡಬೇಕಿದ್ದ ದಿನದ ವಿಷಯ. ನಾಲ್ಕು ಗಂಟೆಗೆ ಟೋಪಿಯವರು ಬರುವವರಿದ್ದರು. ಮೂರಕ್ಕೆ ನಾನು ಬಳೆಯನ್ನು ಕೊಳವೆಯೊಳಗೆ ಕೂರಿಸಿ, ಮುಂದಿನ ದೊಡ್ಡ ಗಾಜನ್ನು ಬಿಚ್ಚಿ ಒರೆಸುತ್ತಿದ್ದೆ. ಕೊಳವೆ ಬಾಯಿ ಮೇಲೆ ಮಾಡಿ ಬೆಂಚಿನ ಮೇಲೆ ನಿಂತಿತ್ತು. ಮಾವ ಮೇಲೆ ಮಲಗಿದ್ದರು. ಎದುರು ಅಂಗಡಿಯಲ್ಲಿ ಹಳೆಯ ಹಾಸಿಗೆಯೊಂದನ್ನು ಹೊರಗೆ ತಂದು ಕೋಲಿನಿಂದ ಬಡಿದರು ನೋಡಿ, ಮೋಡದಂಥ ಧೂಳು ಬಾಗಿಲಿನಿಂದ ಒಳಗೇ ನುಗ್ಗಿತು. ನನ್ನ ತಲೆ ಏನೂ ಯೋಚಿಸಲಿಲ್ಲ, ಕೈ ಯೋಚಿಸಿತು. ಹದಿನೆಂಟು ವರ್ಷದಿಂದ "ಮುಚ್ಚು, ಮುಚ್ಚು" ಎಂದು ಬೈಸಿಕೊಂಡ ಕೈ ಅದು. ಪಕ್ಕದಲ್ಲಿ ಸಿಕ್ಕಿದ ಗಾಜಿನ ಮುಚ್ಚಳವನ್ನು ಎತ್ತಿ ಕೊಳವೆಯ ಮೇಲೆ ಬೋರಲು ಹಾಕಿ ಬಾಗಿಲಿಗೆ ಓಡಿದೆ. ಎದುರಿನವನಿಗೆ ನಾಲ್ಕು ಮಾತು ಅಂದು, ಬಾಗಿಲು ಹಾಕಿ ಬಂದು, ಮುಚ್ಚಳ ತೆಗೆದೆ. ಮುಚ್ಚಳದ ಒಳಗೆ ಎಂಥದೋ ಎಳೆಗಳು ಮೆತ್ತಿಕೊಂಡಿದ್ದವು, ಧೂಳೆಂದುಕೊಂಡು ಸ್ಪಿರಿಟ್ಟಿನಿಂದ ಒರೆಸಿದೆ. ಕೊಳವೆಗೆ ಮುಂದಿನ ಗಾಜು ತಿರುಗಿಸಿ ಬಿಗಿದೆ. ಆಮೇಲೆ ಮುಚ್ಚಳವನ್ನು ಅದರ ಜಾಗಕ್ಕೆ ಇಡಲು ಹೋದರೆ, ಅದರ ಜಾಗದಲ್ಲಿ ಇಪ್ಪತ್ತು ತೂತಿನ ಹಲಗೆ, ಒಂದು ಒಣ ರೆಂಬೆ, ಹರಿದ ಬಲೆ.

ಏಳುಕಾಲಮ್ಮ ಏಳೂ ಕಾಲಿಗೆ ಬುದ್ಧಿ ಹೇಳಿದ್ದಳು.

ಬೆಂಚಿನ ಅಡಿ, ಡ್ರಾಯರು, ಕಪಾಟಿನ ಹಿಂದೆ, ನನ್ನ ಚಪ್ಪಲಿಯೊಳಗೆ, ಎಲ್ಲ ಕಡೆ ಹುಡುಕಿದೆ. ಟೋಪಿಯವರು ಬಂದರು, ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಟ್ಟು ಕಳಿಸಿದೆ, ಅವರು ಏನು ಹೇಳಿದರೋ ನಾನು ಏನು ಹೇಳಿದೆನೋ ನೆನಪಿಲ್ಲ. ಐದಕ್ಕೆ ಮಾವ ಏಳುತ್ತಾರೆ. ಮೆಟ್ಟಿಲ ಅಡಿಯಲ್ಲಿ ಇನ್ನೊಂದು ಜೇಡ ಸಿಕ್ಕಿತು. ಅದೇ ಕಂದು, ಅದೇ ಗುಂಡು ಹೊಟ್ಟೆ, ಆದರೆ ಎಂಟು ಕಾಲು. ಹಾಳಾದ್ದು ಎಂಟನೆಯದನ್ನು ಕಿತ್ತುಬಿಡಲೇ ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ಚಿಮುಟ ಕೈಗೆ ತೆಗೆದುಕೊಂಡೂ ಇದ್ದೆ. ಆಗಲಿಲ್ಲ. ಹಾಗೇ ಗಾಜಿನೊಳಗೆ ಬಿಟ್ಟು, ಹಿಂಭಾಗ ರೆಂಬೆಗೆ ಮರೆಯಾಗುವಂತೆ ಹಲಗೆ ತಿರುಗಿಸಿಟ್ಟೆ.

ಮಾವ ಬಂದರು. ನೊಣದ ಬಾಟಲಿಯನ್ನು ತೂತಿಗೆ ಹಿಡಿದರು. ಭೂತಗನ್ನಡಿ ತೆಗೆದುಕೊಂಡು ಬಾಗಿದರು.

"ಇದಕ್ಕೆ ಎಂಟು ಕಾಲಿದೆ," ಅಂದರು.

ಜೇಡಕ್ಕೆ ಕಳೆದ ಕಾಲು ಮತ್ತೆ ಬೆಳೆಯುತ್ತದಂತೆ, ಎಲ್ಲೋ ಓದಿದ್ದೆ ಎಂದೆ.

"ಮಧ್ಯಾಹ್ನ ಊಟ ಮಾಡಿ ಮಲಗಿ ಏಳೋದ್ರೊಳಗಾ?"

ಹಾಸಿಗೆಯಿಂದ ಹಿಡಿದು ಚಿಮುಟದ ತನಕ ಎಲ್ಲವನ್ನೂ ಒಪ್ಪಿಸಿದೆ. ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಭೂತಗನ್ನಡಿಯನ್ನು ಬಟ್ಟೆಯಲ್ಲಿ ಒರೆಸಿ, ಮಡಚಿ, ಡಬ್ಬಿಯಲ್ಲಿಟ್ಟರು.

"ಕೈ ತಾನಾಗೇ ಹೋಯ್ತು, ಅಲ್ವಾ?" ಅಂದರು. "ಬಿಡಮ್ಮ. ಕಲಿಸಿದ್ದು ನಾನೇ ತಾನೆ. ನಿಮ್ಮತ್ತೆ ಇದ್ದಿದ್ರೆ ಅವತ್ತೇ ಬಿಟ್ಟು ಬರ್ತಿದ್ಲು. ಇಟ್ಕೊಂಡಿದ್ದು ನನ್ನ ತಪ್ಪು."

ಹದಿನಾಲ್ಕು ಮೆಟ್ಟಿಲು ಹತ್ತಿ ಹೋದರು. ಎಂಟು ಕಾಲಿನದನ್ನು ನಾನು ಹಿಂದಿನ ಗೋಡೆಯ ಸಂದಿಗೆ ಬಿಟ್ಟು ಬಂದೆ. ಅದರದೇನು ತಪ್ಪು.

ಮಾರನೆಯ ದಿನ ಮಾವ ಇಳಿಯಲಿಲ್ಲ. ಮೂರನೆಯ ದಿನವೂ ಇಲ್ಲ. ಹಣ್ಣು ಬುಟ್ಟಿಯಲ್ಲೇ ಕಪ್ಪಾಯಿತು, ನೊಣ ಮುತ್ತಿತು, ತಿನ್ನುವವರಿಲ್ಲ. ನಮ್ಮವರು ರಜೆಯ ದಿನ ಅಂಗಡಿಯ ಕಪಾಟುಗಳನ್ನೆಲ್ಲ ಒಬ್ಬರೇ ಎಳೆದು, ಟಾರ್ಚು ಹಿಡಿದು ನೆಲದ ಮೇಲೆ ಹೊಟ್ಟೆಯೂರಿ ಹುಡುಕಿದರು. ಜೇಡ ಸಿಗಲಿಲ್ಲ, ನಾಲ್ಕು ವರ್ಷದ ಹಿಂದೆ ನಾನು ಕಳೆದುಕೊಂಡು ಅವರ ಮೇಲೆ ಹೇರಿದ್ದ ಒಂದು ತಿರುಪುಳಿ ಸಿಕ್ಕಿತು. ಬೇರೆ ದಿನ ಆಗಿದ್ದರೆ ಅದನ್ನು ಹಿಡಿದು ತಿಂಗಳುಗಟ್ಟಲೆ ನನ್ನನ್ನು ಆಡಿಕೊಳ್ಳುತ್ತಿದ್ದರು. ಅವತ್ತು ಸುಮ್ಮನೆ ಬೆಂಚಿನ ಮೇಲಿಟ್ಟು, ಅಪ್ಪ ಇವತ್ತು ಏನಾದರೂ ತಿಂದರಾ ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಇಬ್ಬರೂ ನೆಲದ ಮೇಲೆ ಕೂತುಬಿಟ್ಟೆವು. ಒಂದು ಜೇಡದ ಮೇಲೆ ಮನೆ ನಿಂತಿತ್ತು ಎಂದು ಯಾರಿಗಾದರೂ ಹೇಳಿದರೆ ನಗುತ್ತಾರೆ, ನಮಗೆ ನಗು ಬರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಹತ್ತಕ್ಕೆ ಟೋಪಿಯವರು ಪೆಟ್ಟಿಗೆ ಹಿಡಿದುಕೊಂಡು ವಾಪಸ್ಸು ಬಂದರು. ಮುಖ ಗಂಟು ಹಾಕಿಕೊಂಡಿತ್ತು.

"ಮೊದಲನೇ ದಿನ ಎರಡೇ ಗೆರೆ ಇತ್ತು," ಅಂದರು. "ನಾಲ್ಕನೇ ದಿನ ಮೂರಾಯ್ತು. ಇವತ್ತು ನಾಲ್ಕಿದೆ. ನಾನು ರಸ್ತೆ ಅಳೀಬೇಕೋ, ಇದರ ಗೆರೆ ಎಣಿಸ್ಕೊಂಡು ಕೂರಬೇಕೋ?"

ನನ್ನ ಜೀವ ಅರ್ಧ ಹೋಯಿತು. ನನ್ನ ಎಳೆ ಸೀಳಿಕೊಂಡಿದೆ, ಅರಗು ಬಿಟ್ಟಿದೆ, ನಾನು ನೆಟ್ಟಗೆ ಒಂದು ಎಳೆ ಕೂರಿಸಲಾರದವಳು ಎಂದುಕೊಂಡೆ. ಮಾವ ಇನ್ನೊಂದ್ಸಲ ನೋಡು ಅಂದಾಗ ನೋಡಿರಲಿಲ್ಲ, ಮುಖ ಊದಿಸಿಕೊಂಡು ಕೂತಿದ್ದೆ. ಸಂಜೆ ಬನ್ನಿ ಎಂದು ಅವರನ್ನು ಕಳಿಸಿ, ಯಂತ್ರವನ್ನು ಬೆಂಚಿಗೆ ಕೂರಿಸಿ ಕಣ್ಣಿಟ್ಟೆ.

ನನ್ನ ಅಡ್ಡಗೆರೆ ಇತ್ತು, ನೆಟ್ಟಗೆರೆ ಇತ್ತು. ಅವುಗಳ ಹಿಂದೆ ಕೊಂಚ ಮಸುಕಾಗಿ ವಾರೆಯಾದ ಇನ್ನೆರಡು. ನೋಡುತ್ತಿದ್ದ ಹಾಗೆ ಆ ವಾರೆ ಗೆರೆ ಕಂಪಿಸಿತು. ಆಮೇಲೆ ಅಂಚಿನಿಂದ ಕಪ್ಪಗಿನ, ದಪ್ಪಗಿನ ಏನೋ ಒಂದು ಮೆಲ್ಲಗೆ ಒಳಗೆ ಬಂತು, ನಿಂತಿತು, ಮಡಚಿಕೊಂಡಿತು. ಕಾಲು.

ಅವತ್ತು ಧೂಳು ನುಗ್ಗಿದಾಗ ನಾನು ಎತ್ತಿದ ಮುಚ್ಚಳಕ್ಕೇ ಅವಳು ಅಂಟಿಕೊಂಡಿದ್ದಳು. ನಾನೇ ಅವಳನ್ನು ಗಾಜಿನ ಸಮೇತ ಕೊಳವೆಯ ಮೇಲೆ ಹಾಕಿದ್ದೆ. ಅವಳು ಕತ್ತಲೆ ಕಂಡ ಕಡೆ ಇಳಿದಿದ್ದಳು. ಎಲ್ಲ ಕಡೆ ಹುಡುಕಿದ ನಾವು ಕೊಳವೆಯೊಳಗೆ ಮಾತ್ರ ನೋಡಲಿಲ್ಲ. ಮುಚ್ಚಿದ ಕೊಳವೆಯೊಳಗೆ ಏನೂ ಹೋಗುವುದಿಲ್ಲ ಎಂಬುದು ಈ ಅಂಗಡಿಯಲ್ಲಿ ಸೂರ್ಯ ಹುಟ್ಟುವಷ್ಟೇ ಖಾತ್ರಿಯಾದ ಮಾತು.

ಮೇಲಕ್ಕೆ ಓಡಿಹೋಗಿ ಕೂಗಿ ಹೇಳಬೇಕು ಅನಿಸಿತು. ಯಂತ್ರವನ್ನೇ ಎತ್ತಿಕೊಂಡು ಹೋಗಿ ಅವರ ತೊಡೆಯ ಮೇಲಿಡಬೇಕು ಅನಿಸಿತು. ಎರಡು ಮೆಟ್ಟಿಲು ಹತ್ತಿಯೂ ಇದ್ದೆ. ಅಲ್ಲೇ ನಿಂತೆ. ಮೇಲಕ್ಕೆ ಒಯ್ದುಕೊಟ್ಟರೆ ಅವರು ಮೇಲೆಯೇ ನೋಡುತ್ತಾರೆ.

"ಮಾವ," ಎಂದು ಅಲ್ಲಿಂದಲೇ ಕರೆದೆ. "ಟೋಪಿಯವರು ಯಂತ್ರ ವಾಪಸ್ ತಂದಿದ್ದಾರೆ. ಗೆರೆ ನಾಲ್ಕು ಕಾಣ್ತಿದೆಯಂತೆ. ನಾನು ನೋಡ್ದೆ, ನನ್ನ ಕೈಲಿ ಸರಿಮಾಡೋದಕ್ಕೆ ಆಗಲ್ಲ. ನೀವೊಂದ್ಸಲ ನೋಡ್ಬೇಕು."

ತುಂಬ ಹೊತ್ತು ಏನೂ ಇಲ್ಲ. ಕುರ್ಚಿ ಕಿರುಗುಟ್ಟಿತು. ಮತ್ತೆ ಏನೂ ಇಲ್ಲ. ನಾನು ಕಂಬಿ ಹಿಡಿದು ನಿಂತೇ ಇದ್ದೆ. ಆಮೇಲೆ ಚಪ್ಪಲಿ. ಒಂದು, ಎರಡು. ಆರನೆಯದರಲ್ಲಿ ನಿಂತರು, ದಣಿವಾರಿಸಿಕೊಂಡರು. ಒಂಬತ್ತು ದಿನ ಸರಿಯಾಗಿ ತಿಂದಿರಲಿಲ್ಲವಲ್ಲ. ನಾನು ಕೈ ಚಾಚಿದೆ, ಬೇಡವೆಂದು ತಲೆಯಾಡಿಸಿ ಗೋಡೆ ಹಿಡಿದು ಇಳಿದರು. ಎಳೆ ಜಾರಿದೆಯೋ ಅರಗು ಬಿಟ್ಟಿದೆಯೋ ಎಂದು ದಾರಿಯುದ್ದಕ್ಕೂ ವಿಚಾರಿಸುತ್ತಲೇ ಬಂದರು. ಗೊತ್ತಿಲ್ಲ ಮಾವ, ನೋಡಿ ಎಂದೆ.

ತಮ್ಮ ಜಾಗದಲ್ಲಿ ಕೂತರು. ಕನ್ನಡಕ ತೆಗೆದರು, ಕಣ್ಣಿಟ್ಟರು. ನಾನು ಅವರ ಬೆನ್ನನ್ನೇ ನೋಡುತ್ತಾ ನಿಂತೆ. ಮೊದಲು ಬೆನ್ನಿಗೆ ಏನೂ ಆಗಲಿಲ್ಲ. ಆಮೇಲೆ ಹೆಗಲು ಅಲುಗಾಡತೊಡಗಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ, ಮುಖ ತಿರುಗಿಸಿದಾಗ ಎರಡೂ ಇತ್ತು.

"ಇವಳೇ," ಅಂದರು. "ಏಳು. ಎಣಿಸ್ದೆ."

ಮತ್ತೆ ಬಾಗಿ ನೋಡಿದರು. ಈ ಸಲ ಇನ್ನೂ ತುಂಬ ಹೊತ್ತು. ತಿರುಪು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಜೇಡವನ್ನು ನೋಡಲು ಅಷ್ಟೆಲ್ಲ ತಿರುಗಿಸಬೇಕಿಲ್ಲ.

"ಒಂಬತ್ತು ದಿನ ಪೆಟ್ಟಿಗೆ ಒಳಗೆ ಕೂತು ಈ ಯಂತ್ರ ಹಳ್ಳ ದಿಣ್ಣೆ ಎಲ್ಲ ಸುತ್ತಿದೆ," ಅಂದರು ಕಣ್ಣು ತೆಗೆಯದೆ. "ಇವಳದ್ದು ಎರಡೂ ವಾರೆ. ನಿನ್ನದು ಎಳ್ಳಷ್ಟೂ ಅಲ್ಲಾಡಿಲ್ಲ. ಸರಿಯಾಗಿದೆ."

ಹದಿನೆಂಟು ವರ್ಷ ಕಾದ ಮಾತು. ಅದಕ್ಕೆ ಏನಾದರೂ ಚೂಪಾಗಿ ಉತ್ತರ ಕೊಡಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲೇ ತಯಾರಿ ಮಾಡಿದ್ದೆ. ಅದನ್ನೆಲ್ಲ ಬಿಟ್ಟು ಕೈಗೆ ಕೆಲಸ ಕೊಡೋಣವೆಂದು ಕೊಳವೆಯ ಮುಂದಿನ ಗಾಜನ್ನು ಬಿಚ್ಚಿದೆ. ಬಿಚ್ಚಿದ ಕೂಡಲೇ, ಹೇಳಬೇಕೇ, ಕೈ ತಾನಾಗಿ ಮುಚ್ಚಳದ ಕಡೆ ಹೋಯಿತು. ಮಾವ ನನ್ನ ಮಣಿಕಟ್ಟು ಹಿಡಿದರು.

"ಬೇಡ, ಮುಚ್ಚಬೇಡ," ಅಂದರು. "ಅವಳಾಗೇ ಬರ್ಲಿ. ಬಂದ ಮೇಲೆ ಹಿಂದಿನ ಗೋಡೆಗೆ ಬಿಟ್ಟು ಬರೋಣ."

ಸರಿ ಎಂದೆ. ಅವರು ಕಾಲಿನಿಂದ ಎಡಗಡೆಯ ಸ್ಟೂಲನ್ನು ನನ್ನ ಕಡೆಗೆ ತಳ್ಳಿದರು.

"ಎಷ್ಟು ಹೊತ್ತಾಗುತ್ತೋ ಏನೋ. ಕೂತ್ಕೋ."

ಅತ್ತೆಯ ಸ್ಟೂಲಿನ ಮೇಲೆ ಕೂತೆ. ಮೇಲಿನಿಂದ ಒಂದು ಬಾಳೆಹಣ್ಣು ತರಲೇ ಎಂದು ಕೇಳಿದೆ, ಆಮೇಲೆ ತಾ, ಈಗ ಅಲ್ಲಾಡಬೇಡ ಎಂದರು. ಇಬ್ಬರೂ ಕೊಳವೆಯ ಬಾಯನ್ನೇ ನೋಡುತ್ತಾ ಕೂತೆವು. ಸ್ಟೂಲಿನ ಒಂದು ಕಾಲು ಗಿಡ್ಡ, ಅದು ಒಂದು ಕಡೆಗೆ ವಾಲುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ.